ಗ್ಲೆನ್ ಮಿಲ್ಲರ್ ಬರೆಯದ ಗ್ಲೆನ್ ಮಿಲ್ಲರ್ ಹಾಡು

ಸ್ವಿಂಗ್ ಜಾಝ್ (1930-40ರ ದಶಕದ ಅಮೆರಿಕದ ಕುಣಿತದ ಬ್ಯಾಂಡ್ ಸಂಗೀತ) ಅಂದ್ರೆ ಏನು ಅಂತ ಗೊತ್ತಿಲ್ಲದವರೂ ‘ಇನ್ ದ ಮೂಡ್’ ಕೇಳಿರುತ್ತಾರೆ. ಹೆಸರು ನೆನಪಿರಲಿಕ್ಕಿಲ್ಲ, ಆದರೆ ಸ್ಯಾಕ್ಸೊಫೋನ್‌ಗಳು ಶುರುವಾದ ಕೂಡಲೇ ‘ಓ, ಇದಾ!’ ಅನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲ ಅಂತ ತೋರಿಸಬೇಕಾದಾಗಲೆಲ್ಲ ಸಿನಿಮಾದವರು, ಸಾಕ್ಷ್ಯಚಿತ್ರದವರು ಇದನ್ನೇ ಹಾಕಿ ಹಾಕಿ, ಈಗ ಆ ಕಾಲ ಇದ್ದದ್ದೇ ಹೀಗೆ ಅನ್ನಿಸುವ ಮಟ್ಟಕ್ಕೆ ಬಂದಿದೆ.

ಯಾರ ಹಾಡು ಅಂತ ಕೇಳಿದರೆ ಎಲ್ಲರೂ ಹೇಳುವುದು ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಹೆಸರನ್ನು. ಆದರೆ ಇದರಲ್ಲಿ ಒಂದು ರಾಗದ ಸಾಲನ್ನೂ ಅವನು ಹುಟ್ಟಿಸಿದ್ದಲ್ಲ. ಹಾಗಂತ ‘ಕದ್ದ’ ಅಂದುಬಿಟ್ಟರೆ ಅದೂ ಸರಿಯಲ್ಲ. ಅವನು ಮಾಡಿದ ಕೆಲಸ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಟ್ಯೂನ್ ನೋಡೋಣ. ಮೂರು ಸ್ವರಗಳ ಒಂದು ಚಿಕ್ಕ ತುಣುಕು, ಅದೇ ಮತ್ತೆ ಮತ್ತೆ ಬರುತ್ತದೆ, ಅಷ್ಟೇ. ಕೆಳಗೆ ತಾಳ ನಡೆಯುತ್ತಿರುವುದು ನಾಲ್ಕರ ಎಣಿಕೆಯಲ್ಲಿ. ಮೂರು ಮೂರಾಗಿ ಬರುವ ಸ್ವರಗಳು ನಾಲ್ಕರ ಮೇಲೆ ಕೂರುವುದಿಲ್ಲ, ಜಾರುತ್ತಾ ಹೋಗುತ್ತವೆ, ಒತ್ತು ಪ್ರತಿ ಸಲ ಬೇರೆ ಜಾಗಕ್ಕೆ ಬೀಳುತ್ತದೆ. ಚತುರಶ್ರ ನಡೆಯಲ್ಲಿ ತಾಳ ಹಾಕುತ್ತಾ ಮೂರರ ಲೆಕ್ಕದಲ್ಲಿ ಸ್ವರ ಹಾಡಿದರೆ ಸಿಗುತ್ತದಲ್ಲ, ಆ ಗಮ್ಮತ್ತೇ ಇದು. ಕಾಲು ತಾನಾಗಿಯೇ ಅಲ್ಲಾಡುವುದು ಇದಕ್ಕೇ. ಅಡಿಯಲ್ಲಿರುವುದು ಮಾತ್ರ ಮಾಮೂಲಿ ಹನ್ನೆರಡು ಬಾರ್‌ನ ಬ್ಲೂಸ್, ಅಂದರೆ ನಾಲ್ಕೆಣಿಕೆಯ ಹನ್ನೆರಡು ಸುತ್ತಿಗೊಮ್ಮೆ ಮರಳಿ ಬರುವ ಸ್ವರಮೇಳದ ಚೌಕಟ್ಟು, ಹೊಸದೇನೂ ಇಲ್ಲ.

ಹೀಗೆ ಮತ್ತೆ ಮತ್ತೆ ಬರುವ ತುಣುಕಿಗೆ ರಿಫ್ ಅನ್ನುತ್ತಾರೆ. ಈ ರಿಫ್ 1930ರಲ್ಲೇ ರೆಕಾರ್ಡ್ ಆಗಿತ್ತು. ವಿಂಗಿ ಮನೋನ್ ಅಂತ ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ. ಚಿಕ್ಕವನಿದ್ದಾಗ ಟ್ರಾಮ್ ಅಪಘಾತದಲ್ಲಿ ಒಂದು ತೋಳು ಕಳೆದುಕೊಂಡಿದ್ದ, ಕೃತಕ ಕೈ ಇಟ್ಟುಕೊಂಡೇ ನುಡಿಸುತ್ತಿದ್ದ. ಅವನ ‘ಟಾರ್ ಪೇಪರ್ ಸ್ಟಾಂಪ್’ ಕೇಳಿ ನೋಡಿ. ‘ಬಾರ್ಬೆಕ್ಯೂ ಜೋ ಅಂಡ್ ಹಿಸ್ ಹಾಟ್ ಡಾಗ್ಸ್’ ಅನ್ನೋ ತಮಾಷೆ ಹೆಸರಲ್ಲಿ ಬಂದ ರೆಕಾರ್ಡ್ ಅದು. ಸಣ್ಣ ಬ್ಯಾಂಡ್, ಒರಟು ಸದ್ದು, ಆದರೆ ರಿಫ್ ಅನುಮಾನವೇ ಬೇಡ, ಅದೇ. ಆರ್ಥಿಕ ಕುಸಿತದ ದಿನಗಳು, ರೆಕಾರ್ಡ್ ಕೊಳ್ಳುವವರೇ ಕಮ್ಮಿ, ಹಾಗಾಗಿ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಯಾರೂ ಅಂದರೆ ಸಾಮಾನ್ಯ ಕೇಳುಗರು. ಸಂಗೀತಗಾರರು ಗಮನಿಸಿದ್ದರು. ಮರುವರ್ಷವೇ, 1931ರಲ್ಲಿ, ಹೊರೇಸ್ ಹೆಂಡರ್ಸನ್ ಇದೇ ರಿಫ್ ಇಟ್ಟುಕೊಂಡು ‘ಹಾಟ್ ಅಂಡ್ ಆಂಕ್ಷಿಯಸ್’ ಮಾಡಿದ, ಅದನ್ನು ಅವನ ಅಣ್ಣ ಫ್ಲೆಚರ್ ಹೆಂಡರ್ಸನ್‌ನ ಬ್ಯಾಂಡ್ ರೆಕಾರ್ಡ್ ಮಾಡಿತು. 1935ರಲ್ಲಿ ಮಿಲ್ಸ್ ಬ್ಲೂ ರಿದಮ್ ಬ್ಯಾಂಡ್ ‘ದೇರ್ಸ್ ರಿದಮ್ ಇನ್ ಹಾರ್ಲೆಮ್’ ನುಡಿಸಿತು. ಅದನ್ನು ಕಟ್ಟಿದವನು ಜೋ ಗಾರ್ಲೆಂಡ್, ಸ್ಯಾಕ್ಸೊಫೋನ್ ವಾದಕ. ಮೂರು ವರ್ಷದ ನಂತರ ಎಡ್ಗರ್ ಹೇಯ್ಸ್‌ನ ಬ್ಯಾಂಡ್‌ನಲ್ಲಿದ್ದಾಗ ಗಾರ್ಲೆಂಡ್ ಆ ರಿಫ್‌ಗೆ ಇನ್ನಷ್ಟು ಸೇರಿಸಿ, ತಿದ್ದಿ ‘ಇನ್ ದ ಮೂಡ್’ ಅಂತ ಹೆಸರಿಟ್ಟ. 1938ರಲ್ಲಿ ಅದು ರೆಕಾರ್ಡ್ ಆಗಿ ಬಂತು, ಅದೂ ‘ಸ್ಟಾರ್‌ಡಸ್ಟ್’ ಇದ್ದ ತಟ್ಟೆಯ ಹಿಂಬದಿಯಲ್ಲಿ. ಜನ ಮುಂಬದಿಗೆ ದುಡ್ಡು ಕೊಟ್ಟರು.

ಆಮೇಲೆ ಗಾರ್ಲೆಂಡ್ ಇದನ್ನು ಆರ್ಟಿ ಶಾಗೆ ಕೊಟ್ಟ. ಶಾ ಆಗ ದೊಡ್ಡ ಹೆಸರು. ಅವನ ಬ್ಯಾಂಡ್ ರೇಡಿಯೊದಲ್ಲಿ ನುಡಿಸಿತು ಕೂಡ, ಆದರೆ ಹಾಡು ಆರು ನಿಮಿಷ ದಾಟುತ್ತಿತ್ತು. ಆಗಿನ ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ, ತುಸು ಎಳೆದರೆ ಮೂರೂವರೆ. ಶಾ ಕೈಬಿಟ್ಟ.

ಮಿಲ್ಲರ್ ಬರುವುದು ಇಲ್ಲಿ. ಅವನ ಮೊದಲ ಬ್ಯಾಂಡ್ ಮುಚ್ಚಿಹೋಗಿತ್ತು, ಎರಡನೆಯದು 1939ರ ಬೇಸಿಗೆಯಲ್ಲಿ ನ್ಯೂ ರೋಶೆಲ್‌ನ ಗ್ಲೆನ್ ಐಲೆಂಡ್ ಕಸೀನೊದಲ್ಲಿ ನುಡಿಸುತ್ತಾ, ಅಲ್ಲಿಂದ ಹೋಗುತ್ತಿದ್ದ ರೇಡಿಯೊ ಪ್ರಸಾರದ ಬಲದಿಂದ ಆಗ ತಾನೇ ಮೇಲೆ ಬರುತ್ತಿತ್ತು. ಗಾರ್ಲೆಂಡ್‌ನ ಬರಹದಲ್ಲಿ ವಸ್ತು ಜಾಸ್ತಿಯಾಗಿತ್ತು. ಮಿಲ್ಲರ್ ಕತ್ತರಿ ಹಿಡಿದ. ಬೇಡದ ಭಾಗಗಳನ್ನು ಎತ್ತಿ ಬಿಸಾಕಿ, ರಿಫ್ ಉಳಿಸಿ, ಮಧ್ಯೆ ಟೆಕ್ಸ್ ಬೆನೆಕಿ ಮತ್ತು ಆಲ್ ಕ್ಲಿಂಕ್ ಇಬ್ಬರ ಟೆನರ್ ಸ್ಯಾಕ್ಸ್ ಜಟಾಪಟಿಗೆ ಜಾಗ ಬಿಟ್ಟು, ಅದಾದ ಮೇಲೆ ಕ್ಲೈಡ್ ಹರ್ಲಿಯ ಟ್ರಂಪೆಟ್ ಸೋಲೊ ಇಟ್ಟ. ಅವನ ಅರೇಂಜರ್ (ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆದುಕೊಡುವವನು) ಎಡ್ಡಿ ಡರಮ್, ಪಿಯಾನೊದ ಚಮ್ಮಿ ಮೆಕ್‌ಗ್ರೆಗರ್ ಕೂಡ ಕೈಹಾಕಿದ್ದರು. 1939ರ ಆಗಸ್ಟ್ 1ರಂದು ರೆಕಾರ್ಡಿಂಗ್ ಆಯಿತು. ಬ್ಲೂಬರ್ಡ್ ಲೇಬಲ್, 35 ಸೆಂಟ್‌ನ ಅಗ್ಗದ ರೆಕಾರ್ಡ್.

ನನ್ನ ಪ್ರಕಾರ ಇದರ ನಿಜವಾದ ಜೀವ ಇರುವುದು ಕೊನೆಯ ಒಂದು ನಿಮಿಷದಲ್ಲಿ. ರಿಫ್ ಬರುತ್ತದೆ, ಟ್ರಾಂಬೋನ್‌ಗಳು ಒಂದು ಸ್ವರ ಎಳೆದು ನಿಲ್ಲುತ್ತವೆ. ಮತ್ತೆ ರಿಫ್, ಈ ಸಲ ಮೆಲ್ಲಗೆ. ಮತ್ತೆ, ಇನ್ನೂ ಮೆಲ್ಲಗೆ. ಮುಗಿದೇ ಹೋಯಿತು ಅಂದುಕೊಳ್ಳುತ್ತೀರಿ, ಆಗ ಇಡೀ ಬ್ಯಾಂಡ್ ಒಮ್ಮೆಲೇ ಸಿಡಿಯುತ್ತದೆ. ಕುಣಿಯುವವರನ್ನು ಆಟ ಆಡಿಸುವ ಉಪಾಯ ಇದು! ಅವರು ಮೆಲ್ಲಗೆ ಹೆಜ್ಜೆ ಹಾಕುತ್ತಾ ಕಿವಿಗೊಟ್ಟು ಕಾಯಬೇಕು, ಯಾವಾಗ ಬೀಳುತ್ತದೋ ಅಂತ. ಮೊದಲ ಸಲ ಹೇಗೋ, ಎಲ್ಲಿ ಸಿಡಿಯುತ್ತದೆ ಅಂತ ಬಾಯಿಪಾಠ ಆದ ಮೇಲೂ ಅದು ಕೆಲಸ ಮಾಡುತ್ತದೆ, ಅದೇ ನನಗೆ ಆಶ್ಚರ್ಯ.

ರೆಕಾರ್ಡ್ 1940ರಲ್ಲಿ ಅಮೆರಿಕದ, ಕಾಸು ಹಾಕಿದರೆ ಹಾಡು ನುಡಿಸುವ ಜ್ಯೂಕ್‌ಬಾಕ್ಸ್‌ಗಳನ್ನು ಆಳಿತು.

ಈಗ ದುಡ್ಡಿನ ಮಾತು. ಹಾಡು ಬರೆದವರು ಅಂತ ದಾಖಲಾದದ್ದು ಗಾರ್ಲೆಂಡ್ ಹೆಸರು, ಜೊತೆಗೆ ಸಾಹಿತ್ಯ ಬರೆದ ಆಂಡಿ ರಜಾಫ್ ಹೆಸರು. (ಹೌದು, ಇದಕ್ಕೆ ಸಾಹಿತ್ಯವೂ ಇದೆ, ಆದರೆ ಎಷ್ಟು ಜನ ಅದನ್ನು ಕೇಳಿದ್ದೀರಿ?) ಮನೋನ್ ಹೆಸರು ಎಲ್ಲೂ ಇಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ರಾಗವನ್ನು ಹಾಳೆಯ ಮೇಲೆ ಬರೆದು ನೋಂದಾಯಿಸಿಕೊಳ್ಳದಿದ್ದರೆ ಅದು ನಿಮ್ಮದೆಂದು ಸಾಧಿಸುವುದು ಕಷ್ಟ. ರೆಕಾರ್ಡಿಂಗ್‌ಗೇ ಫೆಡರಲ್ ಕಾಪಿರೈಟ್ ಸಿಕ್ಕಿದ್ದು 1972ರಲ್ಲಿ. ಮನೋನ್ 1939ರಲ್ಲಿ ತಾನೂ ಅದೇ ರಿಫನ್ನು ‘ಜಂಪಿ ನರ್ವ್ಸ್’ ಅಂತ ಮತ್ತೆ ರೆಕಾರ್ಡ್ ಮಾಡಿದ. ಅದೂ ಬ್ಲೂಬರ್ಡ್‌ಗೇ!

ಬಿಳಿಯರ ಬ್ಯಾಂಡ್ ಕರಿಯರ ಸಂಗೀತ ಹೊಡೆದುಕೊಂಡು ಹಣ ಮಾಡಿತು ಅನ್ನುವ ಕಥೆ ಸ್ವಿಂಗ್ ಯುಗದಲ್ಲಿ ಬಹಳ ಸಲ ನಿಜ. ಇಲ್ಲಿ ಮಾತ್ರ ಸಿಕ್ಕು ಜಾಸ್ತಿ. ಮನೋನ್ ಬಿಳಿಯ. ಅವನಿಂದ ರಿಫ್ ಹೋದದ್ದು ಕರಿಯರಾದ ಹೆಂಡರ್ಸನ್ ಸೋದರರು, ಗಾರ್ಲೆಂಡ್, ಹೇಯ್ಸ್ ಕೈಗೆ, ಅವರಿಂದ ಮತ್ತೆ ಬಿಳಿಯ ಮಿಲ್ಲರ್ ಕೈಗೆ, ಅಲ್ಲೂ ಅದನ್ನು ತಿದ್ದಿದವರಲ್ಲಿ ಒಬ್ಬ, ಡರಮ್, ಕರಿಯ. ಹೆಸರಿನ ಲಾಭ ಮಾತ್ರ ಸಲೀಸಾಗಿ ಮಿಲ್ಲರ್ ಒಬ್ಬನಿಗೇ ಹೋಯಿತು ಅನ್ನುವುದು ಬೇರೆ ಮಾತು. ಗಾರ್ಲೆಂಡ್ ಮುಂದೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ಬ್ಯಾಂಡ್‌ಗೆ ಸಂಗೀತ ನಿರ್ದೇಶಕನಾಗಿದ್ದವನು, ಆದರೂ ಅವನ ಹೆಸರು ಹೇಳಿದರೆ ‘ಯಾರು?’ ಅಂತಾರೆ.

ಮಿಲ್ಲರ್ 1942ರಲ್ಲಿ ಸೇನೆ ಸೇರಿದ. 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಪ್ಯಾರಿಸ್‌ಗೆ ಹೊರಟ ಅವನ ಸಣ್ಣ ವಿಮಾನ ಮತ್ತೆ ಪತ್ತೆಯಾಗಲಿಲ್ಲ. ಯುದ್ಧದ ಜೊತೆ ಈ ಹಾಡು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಹಾಡಂತೂ ಸುಮ್ಮನಾಗಲಿಲ್ಲ. 1959ರಲ್ಲಿ ಅರ್ನಿ ಫೀಲ್ಡ್ಸ್ ಅದಕ್ಕೆ ರಾಕ್ ಅಂಡ್ ರೋಲ್ ಬೀಟ್ ಹಾಕಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಒಯ್ದ. 1989ರಲ್ಲಿ ಬ್ರಿಟನ್ನಿನ ಜೈವ್ ಬನ್ನಿ ತಂಡ ಇದನ್ನು ಹಳೆಯ ರಾಕ್ ಹಾಡುಗಳ ಜೊತೆ ಹೊಲಿದು ಅಲ್ಲಿ ಮೊದಲ ಸ್ಥಾನ ಹೊಡೆಯಿತು, ನನಗೆ ಅದು ಒಂದು ಚೂರೂ ಇಷ್ಟವಿಲ್ಲ. ಬದಲಿಗೆ ಹಾಸ್ಯದ ಹಾಡುಗಾರ ರೇ ಸ್ಟೀವನ್ಸ್‌ನ ಆವೃತ್ತಿ ಹುಡುಕಿ. ‘ಹೆನ್‌ಹೌಸ್ ಫೈವ್ ಪ್ಲಸ್ ಟೂ’ ಅನ್ನುವ ಹೆಸರಲ್ಲಿ ಅವನು ಇಡೀ ಟ್ಯೂನನ್ನು ಕೋಳಿಗಳ ಕೊಕ್ಕೊಕ್ಕೊದಲ್ಲಿ ಹಾಡಿಸಿದ್ದಾನೆ, 1977ರಲ್ಲಿ ಅದು ಅಮೆರಿಕದ ಟಾಪ್ 40ಕ್ಕೂ ಹೋಯಿತು. ಕೊನೆಯ ಮೆಲ್ಲಗೆ-ಮೆಲ್ಲಗೆ-ಸಿಡಿ ಆಟವನ್ನು ಕೋಳಿಗಳೂ ಬಿಟ್ಟಿಲ್ಲ.