ಬೀಜ ನೆನೆಸುವ ನೀರಿಗೆ ಒಂದು ಗ್ರಾಂ ಕಪ್ಪು ಪುಡಿ

2023ರ ಜೂನ್‌ನಲ್ಲಿ ಮಳೆ ಕೈಕೊಟ್ಟಿದ್ದು ನೆನಪಿದೆ ಅಲ್ವಾ? ಕೊಡಗಿನ ಚೇರಂಬಾಣೆಯ ನಮ್ಮ ಗದ್ದೆಯಲ್ಲಿ ಭತ್ತದ ಸಸಿಮಡಿ ಬಿರುಕು ಬಿಟ್ಟಿತ್ತು. ಮೊಳಕೆ ಬಂದ ಕಾಳುಗಳೂ ಬೇರು ಇಳಿಸಲಾಗದೆ ಒಣಗಿದವು. "ಇನ್ನು ಮನೆಯಲ್ಲಿ ಒಂದೇ ಮೂಟೆ ಬೀಜ ಇರೋದು ಮಗಾ" ಅಂದರು ಅತ್ತೆ. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಗಲೇ ನಾನು ಹ್ಯೂಮಿಕ್ ಆಮ್ಲದ ಪುಡಿ ತಂದಿದ್ದು. ತರಗೆಲೆ, ಸಗಣಿ ಎಲ್ಲ ಕೊಳೆತು ಕೊನೆಗೆ ಮಣ್ಣಲ್ಲಿ ಉಳಿಯುವ ಕಪ್ಪು ಸಾರದಲ್ಲಿ ಇದು ಇರುತ್ತದೆ. ಅಂಗಡಿಯ ಪುಡಿಯನ್ನು ಹೆಚ್ಚಾಗಿ ಕಂದು ಕಲ್ಲಿದ್ದಲಿನ ಜಾತಿಯ ಖನಿಜದಿಂದ ತೆಗೆಯುತ್ತಾರೆ. ಇದನ್ನು ಗೊಬ್ಬರ ಅಂದುಕೊಳ್ಳಬೇಡಿ. ಗಿಡದ ಆಕ್ಸಿನ್ ಹಾರ್ಮೋನಿನ ಹಾಗೆ ಬೇರಿನ ಮೇಲೆ ಕೆಲಸ ಮಾಡುತ್ತದೆ. ಬೇರಿನ ಜೀವಕೋಶದ ಗೋಡೆ ಸಡಿಲಾಗಿ ಬೇರು ಉದ್ದವಾಗುತ್ತದೆ, ಪಕ್ಕದ ಬೇರುಗಳೂ ಜಾಸ್ತಿ ಒಡೆಯುತ್ತವೆ. ನೀರು ಕಡಿಮೆ ಇದ್ದಾಗ ಎಳೆ ಸಸಿಗೆ ಬೇಕಾಗಿರುವುದೇ ಅದು.

ಮೊದಲ ಸಲ ತಪ್ಪು ಮಾಡಿದೆ. ಬೀಜ ನೆನೆಸುವ ಬಕೆಟ್ಟಿಗೆ ಒಂದು ಹಿಡಿ ಪುಡಿ ಸುರಿದೆ, ನೀರು ಡಾಂಬರಿನಂತಾಯಿತು. ಬೇರುಗಳು ಗಿಡ್ಡವಾಗಿ ಮುರುಟಿಕೊಂಡವು. ಜಾಸ್ತಿಯಾದರೆ ಇದೇ ಪದಾರ್ಥ ಬೆಳವಣಿಗೆಯನ್ನು ತಡೆಯುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅತ್ತೆ ಏನೂ ಅನ್ನಲಿಲ್ಲ. ಕೆಟ್ಟ ಕಾಳುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ ಕೋಳಿಗೆ ಹಾಕಿದರು. ಅದು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ವರ್ಷ ಮೊದಲೇ ಮೂರು ತಟ್ಟೆಯಲ್ಲಿ ಮರಳು ಹಾಕಿ, ಒಂದೊಂದರಲ್ಲಿ ನೂರು ಕಾಳು ಇಟ್ಟು ನೋಡಿದೆ. ಒಂದಕ್ಕೆ ಬರೀ ನೀರಲ್ಲಿ ನೆನೆಸಿದ ಕಾಳು. ಇನ್ನೊಂದಕ್ಕೆ 10 ಲೀಟರಿಗೆ 1 ಗ್ರಾಂ ಪುಡಿ ಕರಗಿಸಿದ ನೀರಲ್ಲಿ ನೆನೆಸಿದ್ದು. ಮೂರನೆಯದಕ್ಕೆ ಅದರ ಹತ್ತು ಪಟ್ಟು ಗಟ್ಟಿ ನೀರು. ಎಲ್ಲಕ್ಕೂ ಬೇಕಂತಲೇ ನೀರು ಕಡಿಮೆ ಹಾಕಿದೆ. ಮೊಳೆತ ಕಾಳಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಕಿತ್ತು ತೊಳೆದು ನೋಡಿದಾಗ ಎರಡನೇ ತಟ್ಟೆಯ ಬೇರುಗಳು ಉದ್ದವಾಗಿ, ದಟ್ಟವಾಗಿ ಇದ್ದವು. ಸುಮ್ನೆ ಅಳತೆಪಟ್ಟಿ ಹಿಡಿದು ಕೂತುಬಿಟ್ಟೆ. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದರು.

ಇದು ಮಳೆಗೆ ಬದಲಿ ಅಲ್ಲ. ಜೊಳ್ಳು ಬೀಜವನ್ನೂ ಇದು ಉಳಿಸುವುದಿಲ್ಲ. ಅದಕ್ಕೇ ಮೊದಲು ಉಪ್ಪುನೀರಲ್ಲಿ ತೇಲಿದ್ದನ್ನು ತೆಗೆದು, ಗಟ್ಟಿ ಕಾಳನ್ನು ಚೆನ್ನಾಗಿ ತೊಳೆದು, ಆಮೇಲೆ ತಿಳಿ ಚಹಾದ ಬಣ್ಣದ ಆ ನೀರಲ್ಲಿ ಒಂದು ದಿನ ನೆನೆಸುತ್ತೇನೆ. ನಂತರ ಗೋಣಿಚೀಲದಲ್ಲಿ ಕಟ್ಟಿ ಎರಡು ದಿನ ಬೆಚ್ಚಗೆ ಇಡುತ್ತೇನೆ.

ಈ ವರ್ಷದ ಚೀಲ ಅಡುಗೆಮನೆಯ ಒಲೆ ಪಕ್ಕದಲ್ಲಿದೆ. ಬೆಳಗ್ಗೆ ಅತ್ತೆಯೇ ಬಿಚ್ಚಿ, ಮೊಳಕೆ ಮುಟ್ಟಿ ನೋಡಿ, ಮತ್ತೆ ಕಟ್ಟಿಟ್ಟರು.