ಮಳೆ ನಿಂತ ಮೇಲೆ ಶುರುವಾಗೋ ಚಳಿ

ಊರಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ, "ಅಲ್ಲಿ ಮಳೆ ಗಾಳಿ ಅಂತೆ, ಟೀವೀಲಿ ತೋರಿಸ್ತಿದ್ರು, ಚಳಿ ಹೆಂಗೆ ತಡ್ಕೋತೀರೋ ಏನೋ" ಅಂತ. ಇಲ್ಲ ಮಾರಾಯ್ರೆ, ಮಳೆ ಬರೋ ದಿನ ಇಲ್ಲಿ ಅಂಥಾ ಚಳಿ ಏನೂ ಇರಲ್ಲ. ಮಳೆ ಹೋಗಿ, ಆಕಾಶ ನೀಲಿಯಾಗಿ, ಬಿಸಿಲು ಬಂತಲ್ಲ, ಆಮೇಲೆ ಶುರು ನೋಡಿ ಅಸಲಿ ಚಳಿ. ಹೇಳಿದ್ರೆ ಯಾರೂ ನಂಬಲ್ಲ, ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ನಾನಿರೋದು ಹಿಮಾಚಲದ ಥಿಯೋಗ್ ಹತ್ರ, ಶಿಮ್ಲಾದಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ ಮುಂದೆ. ಡಿಸೆಂಬರಿಂದ ಮಾರ್ಚ್ ತನಕ ಇಲ್ಲಿ ಬೀಳೋ ಮಳೆಗೂ ನಮ್ ಮುಂಗಾರಿಗೂ ಸಂಬಂಧಾನೇ ಇಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಎಲ್ಲೋ ಹುಟ್ಟಿದ ವಾಯುಭಾರ ಕುಸಿತ, ಮೇಲೆ ಎತ್ತರದಲ್ಲಿ ಬೀಸೋ ಜೆಟ್ ಸ್ಟ್ರೀಮ್ ಹಿಡ್ಕೊಂಡು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ಎಲ್ಲ ದಾಟಿ ಬರತ್ತೆ, ಕೆಲವು ಸಲ ಅರಬ್ಬಿ ಸಮುದ್ರದ ತೇವಾನೂ ಎಳ್ಕೊಂಡು ಬಂದು ಈ ಬೆಟ್ಟಕ್ಕೆ ಗುದ್ದತ್ತೆ. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರೆ, ಇಲ್ಲಿಯವ್ರ ಬಾಯಲ್ಲಿ ಬರೀ 'ಡಬ್ಲ್ಯೂಡಿ'. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕೈದು ಬರ್ತಾವೆ, ಆದ್ರೆ ಎಲ್ಲಾನೂ ಸುರಿಯಲ್ಲ, ಎಷ್ಟೋ ಸಲ ಮೋಡ ತೋರ್ಸಿ ಹಂಗೇ ಟಿಬೆಟ್ ಕಡೆ ಹೊರಟುಹೋಗ್ತಾವೆ.

ಬರೋಕೆ ಮುಂಚೆ ಗೊತ್ತಾಗತ್ತೆ. ಮೊದಲು ತೆಳ್ಳಗೆ ಎಳೆ ಎಳೆ ಮೋಡ, ರಾತ್ರಿ ಚಂದ್ರನ ಸುತ್ತ ಗುಡಿ ಕಟ್ಟತ್ತೆ, ದಕ್ಷಿಣದ ಕಡೆಯಿಂದ ಸ್ವಲ್ಪ ಬೆಚ್ಚಗಿರೋ ಗಾಳಿ ಶುರುವಾಗತ್ತೆ, ಅವತ್ತು ರಾತ್ರಿ ರಜಾಯಿ ಒದ್ದು ಮಲಗ್ಬೇಕು ಅನ್ನಿಸತ್ತೆ. ಆಮೇಲೆ ನಿಜವಾದ ಗಾಳಿ. ನಮ್ದು ತಗಡಿನ ಛಾವಣಿ, ಒಂದು ಮೂಲೇಲಿ ಸ್ಕ್ರೂ ಸಡಿಲ ಆಗಿದೆ, ಗಾಳಿ ಜಾಸ್ತಿ ಆದಾಗ ಅದೊಂದೇ ಮೂಲೆ ರಾತ್ರಿಯೆಲ್ಲ ಪಟ ಪಟ ಪಟ, ದೇವದಾರು ಮರಗಳ ಹೊಯ್ದಾಟ ಬೇರೆ, ಕರೆಂಟ್ ಅಂತೂ ಮೊದಲನೇ ಗುಡುಗಿಗೇ ಹೋಗಿರತ್ತೆ. ಹೌದು, ಜನವರೀಲಿ ಗುಡುಗು, ಒಂದೊಂದ್ಸಲ ಆಲಿಕಲ್ಲೂ. ಆಮೇಲೆ ಮಳೆ, ಸೂಜಿ ಥರ ಅಡ್ಡಡ್ಡ ಬೀಳೋದು. ಆಗ ಥರ್ಮಾಮೀಟರ್ ನೋಡಿದ್ರೆ ನಾಲ್ಕೋ ಐದೋ ಇರತ್ತೆ, ಹಗಲೂ ಅಷ್ಟೇ ರಾತ್ರೀನೂ ಅಷ್ಟೇ. ಯಾಕಂದ್ರೆ ಮೋಡ ಕಂಬಳಿ ಹೊದ್ಸಿದಂಗೆ, ನೆಲದ ಶಾಖ ಮೇಲೆ ಹೋಗೋಕೆ ಬಿಡಲ್ಲ.

ಇದೇ ಮಳೆ ಇನ್ನೂ ಮೇಲಿರೋ ನಾರ್ಕಂಡ ಅನ್ನೋ ಊರಲ್ಲಿ ಬರ್ಫ್, ಅಂದ್ರೆ ಹಿಮ. ಅದು 2700 ಮೀಟರ್, ಶಿಮ್ಲಾ 2200 ಆಸುಪಾಸು. 500 ಮೀಟರ್ ಹತ್ತಿದ್ರೆ ಮೂರು ಡಿಗ್ರಿ ಇಳಿಯತ್ತೆ, ಅಷ್ಟು ಸಾಕು. ಅದಕ್ಕೇ ಶಿಮ್ಲಾ ಹೋಟೆಲ್ ಬುಕ್ ಮಾಡಿ ಹಿಮ ಕಾಯೋರು ಮಾಲ್ ರೋಡಲ್ಲಿ ಕೊಡೆ ಹಿಡ್ಕೊಂಡು ಪೆಚ್ಚುಮೋರೆ ಹಾಕ್ಕೊಂಡು ಓಡಾಡ್ತಿರ್ತಾರೆ, ಅಲ್ಲೇ ಮೇಲೆ ಕುಫ್ರಿ ಅನ್ನೋ ಊರಲ್ಲಿ ಬಿಳೀ ಆಗಿರತ್ತೆ.

ಆಮೇಲೆ ಡಬ್ಲ್ಯೂಡಿ ಪೂರ್ವಕ್ಕೆ ದಾಟಿ ಹೋಗತ್ತೆ, ಗಾಳಿ ವಾಯುವ್ಯಕ್ಕೆ ತಿರುಗತ್ತೆ, ಒಣಗಾಳಿ, ಒಂದು ಮೋಡ ಇಲ್ಲ. ಫೋಟೋಗೆ ಅದಕ್ಕಿಂತ ಚೆಂದದ ದಿನ ಇಲ್ಲ, ಎಲ್ಲರೂ ಸ್ಟೇಟಸ್ ಹಾಕೋದೂ ಅವತ್ತೇ. ಆದ್ರೆ ಸೂರ್ಯ ಮುಳುಗಿದ ಮೇಲೆ ನೆಲದ ಶಾಖ ಎಲ್ಲ ಸೀದಾ ಆಕಾಶಕ್ಕೆ, ತಡೆಯೋರಿಲ್ಲ. ಬೆಳಗ್ಗೆ ಎದ್ದು ನಲ್ಲಿ ತಿರುಗ್ಸಿದ್ರೆ ಒಂದು ಕೊಸರಾಟದ ಸದ್ದು ಅಷ್ಟೇ, ನೀರಿಲ್ಲ. ಪೈಪಿಗೆ ಗೋಣಿಚೀಲ ಸುತ್ತಿ, ರಾತ್ರಿ ನಲ್ಲೀನ ಸಣ್ಣಗೆ ತೊಟ್ಟಿಕ್ಕೋಕೆ ಬಿಟ್ಟು ಮಲಗ್ಬೇಕು, ಇಲ್ಲಾಂದ್ರೆ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಪೈಪೇ ಸೀಳಿ ಹೋಗತ್ತೆ.

ಇಷ್ಟೆಲ್ಲ ಆದ್ರೂ ಪಕ್ಕದ ಮನೆ ತೋಟದವ್ರು ಖುಷಿಯಾಗಿರ್ತಾರೆ. ಇಲ್ಲಿ ಸೇಬೇ ಜೀವನ, 1916ರಲ್ಲಿ ಸ್ಟೋಕ್ಸ್ ಅನ್ನೋ ಅಮೆರಿಕನ್ ಇಲ್ಲೇ ಮೇಲೆ ಕೋಟ್‌ಗಢದಲ್ಲಿ ಡೆಲಿಷಿಯಸ್ ಅನ್ನೋ ಜಾತಿಯ ಸೇಬಿನ ಗಿಡ ನೆಟ್ಟಾಗಿಂದ. ಆ ಜಾತಿಗೆ 7 ಡಿಗ್ರಿಗಿಂತ ಕಡಿಮೆ ಚಳಿ ಸಾವಿರ, ಸಾವಿರದಿನ್ನೂರು ಗಂಟೆ ಸಿಗ್ಬೇಕು, ಇಲ್ಲಾಂದ್ರೆ ವಸಂತದಲ್ಲಿ ಹೂ ಸರಿಯಾಗಿ ಬಿಡಲ್ಲ. ಹಿಮ ಬಿದ್ರೆ ಅದು ನಿಧಾನ ಕರಗಿ ಬೇರಿಗೆ ಇಳಿಯತ್ತೆ, ಅದಕ್ಕೇ ಇವ್ರು ಅದನ್ನ ಸಫೇದ್ ಖಾದ್, ಬಿಳೀ ಗೊಬ್ಬರ ಅಂತಾರೆ. ಮಲೆನಾಡಲ್ಲಿ ಬೆಳೆದ ನಂಗೆ ಇದು ಇನ್ನೂ ಒಗ್ಗಿಲ್ಲ ಅನ್ನಿ. ನಮ್ಮಲ್ಲಿ ಜನವರಿ ಮಳೆ ಅಂದ್ರೆ ಕಣದಲ್ಲಿ ಹರಡಿದ ಕಾಫಿ ಮೇಲೆ ಟಾರ್ಪಾಲ್ ಎಳೆಯೋಕೆ ಮನೆಮಂದಿಯೆಲ್ಲ ಓಡೋದು, ಅಕಾಲ ಮಳೆ ಅಂತ ಶಾಪ ಹಾಕೋದು. ಮೋಡ ಕಂಡ್ರೆ ನಂಗೀಗ್ಲೂ ಎದೆ ಧಸಕ್ ಅನ್ನತ್ತೆ, ಇವ್ರು ನೋಡಿದ್ರೆ ಮೋಡ ಬರ್ಲಿಲ್ಲ ಅಂತ ಮುಖ ಸಪ್ಪಗೆ ಮಾಡ್ಕೋತಾರೆ. 2024ರ ಜನವರೀಲಿ ಬಹುತೇಕ ಒಣಗೇ ಇತ್ತು, ಕಾಶ್ಮೀರದ ಗುಲ್ಮರ್ಗ್‌ನಲ್ಲೇ ಹಿಮ ಇಲ್ಲ ಅಂತ ಸುದ್ದಿ ಆಗಿತ್ತಲ್ಲ, ಆಗ ಸೇಬಿನವ್ರ ಚಿಂತೆ ಹೆಂಗಿತ್ತು ಅಂತ ನೀವೇ ಊಹಿಸಿ.

ಇನ್ನು ಹಿಮ ನೋಡೋಕೆ ಬರೋ ನಮ್ಮವ್ರಿಗೆ. ಆರೆಂಜ್ ಅಲರ್ಟ್ ಇದ್ದಾಗ ಹೊರಡಬೇಡಿ, ಅದು ಎಲ್ಲರಿಗೂ ಗೊತ್ತು. ಆದ್ರೆ ಅಲರ್ಟ್ ಮುಗಿದ ಮಾರನೇ ಬೆಳಗ್ಗೆ ಬಿಸಿಲು ನೋಡಿ ಏಳು ಗಂಟೆಗೇ ಗಾಡಿ ತೆಗೀತಾರಲ್ಲ, ಎಡವಟ್ಟಾಗೋದು ಅಲ್ಲೇ. ಶಿಮ್ಲಾ ಅಂಚಿನ ಢಲ್ಲಿಯಿಂದ ಕುಫ್ರಿ, ಫಾಗು ಕಡೆ ರಸ್ತೇಲಿ ನೆರಳು ಬೀಳೋ ತಿರುವುಗಳಲ್ಲಿ ಕರಗಿದ ನೀರು ರಾತ್ರಿ ಗಾಜಾಗಿರತ್ತೆ, ಬರೀ ಒದ್ದೆ ಟಾರ್ ಥರ ಕಾಣತ್ತೆ, ಬ್ರೇಕ್ ಒತ್ತಿದ್ರೆ ಗಾಡಿ ತನ್ನಿಷ್ಟಕ್ಕೆ ಹೋಗತ್ತೆ. ಹತ್ತು ಗಂಟೆ ಆಗ್ಲಿ, ಮರಳು ಹಾಕಿರ್ತಾರೆ, ಆಮೇಲೆ ಹೊರಡಿ. ಹಿಮದಲ್ಲಿ ಸಿಕ್ಕಿಹಾಕ್ಕೊಂಡ್ರೆ ಇಂಜಿನ್ ಆನ್ ಇಟ್ಟು ಗ್ಲಾಸ್ ಏರಿಸ್ಕೊಂಡು ನಿದ್ದೆ ಮಾಡ್ಬೇಡಿ, ಸೈಲೆನ್ಸರ್ ಹಿಮದಲ್ಲಿ ಮುಚ್ಚಿಹೋದ್ರೆ ವಿಷದ ಹೊಗೆಯೆಲ್ಲ ಒಳಗೇ ತುಂಬತ್ತೆ. 2022ರ ಜನವರೀಲಿ ಪಾಕಿಸ್ತಾನದ ಮರ್ರೀಲಿ ಹಿಮದಲ್ಲಿ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತಿದ್ದು ಕಾರುಗಳಲ್ಲೇ. ರೂಮಲ್ಲಿ ಅಂಗೀಠಿ, ಅಂದ್ರೆ ಇದ್ದಿಲಿನ ಒಲೆ, ಇಟ್ಕೊಂಡು ಕಿಟಕಿ ಮುಚ್ಚಿ ಮಲಗೋದೂ ಅದೇ ಕಥೆ. ಜಾಕೆಟ್ಟಿಗೆ ದುಡ್ಡು ಸುರೀಬೇಡಿ, ಕುಫ್ರೀಲಿ ಕೋಟು, ಗಮ್ ಬೂಟು ಎರಡೂ ಬಾಡಿಗೆಗೆ ಸಿಗತ್ತೆ, ಎರಡು ಜೊತೆ ಒಣ ಸಾಕ್ಸ್ ಮಾತ್ರ ನೀವೇ ತನ್ನಿ.