ಯಹೂದಿ ಸೈನಿಕನ ಸಮಾಧಿಗೆ ಶಿಲುಬೆ ಬಂದದ್ದು ಹೇಗೆ?

ಎರಡನೇ ಮಹಾಯುದ್ಧದ ಬ್ರಿಟಿಷ್ ಕಮಾಂಡೊಗಳ ಬಗ್ಗೆ ಬರೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: 'ಸತ್ತವನು ಯಹೂದಿ ಅಂತೀರಿ, ಕಲ್ಲಿನ ಮೇಲೆ ಶಿಲುಬೆ ಇದೆಯಲ್ಲ? ಕೆತ್ತಿದವರು ಎಡವಿದರಾ?'

ಇಲ್ಲ. ಅವರು ದಾಖಲೆಯಲ್ಲಿದ್ದದ್ದನ್ನೇ ಕೆತ್ತಿದರು.

ಬ್ರಿಟಿಷ್ ಸೈನ್ಯದ ಹತ್ತನೇ ಇಂಟರ್-ಅಲೈಡ್ ಕಮಾಂಡೊ ಪಡೆಯ 3ನೇ ತುಕಡಿ ಹುಟ್ಟಿದ್ದು 1942ರಲ್ಲಿ. ಅದರಲ್ಲಿದ್ದ ಹೆಚ್ಚಿನವರು ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಿದ್ದ ಜರ್ಮನಿ, ಆಸ್ಟ್ರಿಯಾದ ಯಹೂದಿ ಯುವಕರು. 1940ರಲ್ಲಿ ಇವರಲ್ಲಿ ಹಲವರನ್ನು ಶತ್ರು ದೇಶದವರೆಂದು ಬ್ರಿಟನ್ನೇ ಕೂಡಿಹಾಕಿತ್ತು. ಶತ್ರುವಿನ ಭಾಷೆ ಇವರ ತಾಯ್ನುಡಿ ಎಂಬುದೇ ಮುಂದೆ ಸೈನ್ಯಕ್ಕೆ ಬೇಕಾಯಿತು.

ಸೆರೆ ಸಿಕ್ಕರೆ ಇವರನ್ನು ಯುದ್ಧಕೈದಿ ಎನ್ನದೆ ದ್ರೋಹಿ ಎಂದು ಕೊಲ್ಲುವ ಭಯವಿತ್ತು. ಊರಲ್ಲಿ ಉಳಿದ ಅಪ್ಪ-ಅಮ್ಮನಿಗೂ ಆಪತ್ತು. ಅದಕ್ಕೇ ಹುಟ್ಟಿನ ಹೆಸರನ್ನು ಬಿಡಿಸಿ ಇಂಗ್ಲಿಷ್ ಹೆಸರು ಇಡಿಸಿದರು. ಕೆಲವರು ಮೊದಲಕ್ಷರಗಳನ್ನು ಉಳಿಸಿಕೊಂಡರು: ಮ್ಯಾಕ್ಸ್ ಲೆವಿನ್ಸ್ಕಿ ಹೋಗಿ ಮ್ಯಾಕ್ಸ್ ಲ್ಯಾಡಿ. ಮಾತಿನ ಧಾಟಿ ಮುಚ್ಚಲು ವಿದೇಶದಲ್ಲಿ ಬೆಳೆದ ಕತೆಯೊಂದನ್ನು ಕಟ್ಟಿ ಬಾಯಿಪಾಠ ಮಾಡಬೇಕಿತ್ತು. ಹಳೆಯ ಹೆಸರಿನ ಪತ್ರ, ಫೋಟೊ ಜೊತೆಗಿರಬಾರದು.

ಕುತ್ತಿಗೆಯ ಗುರುತಿನ ಬಿಲ್ಲೆಗಳನ್ನು ಗಮನಿಸಿ. ಬ್ರಿಟಿಷ್ ಸೈನಿಕನಿಗೆ ಆಗ ಅವು ಎರಡು: ಕೆಂಪು ದುಂಡನೆಯದು, ಹಸಿರು ಎಂಟು ಮೂಲೆಯದು. ಹೆಸರು, ಸಂಖ್ಯೆ, ಧರ್ಮ ಮೂರನ್ನೂ ಅದರಲ್ಲಿ ಒತ್ತುತ್ತಿದ್ದರು. ಸತ್ತಾಗ ಕೆಂಪನ್ನು ಕಿತ್ತು ದಾಖಲೆಗೆ ಒಯ್ಯುತ್ತಿದ್ದರು, ಹಸಿರು ದೇಹದ ಜೊತೆಗೇ ಮಣ್ಣಿಗೆ. ಇವರ ಬಿಲ್ಲೆಯಲ್ಲಿ ಧರ್ಮದ ಜಾಗದಲ್ಲಿ ಇಂಗ್ಲೆಂಡಿನ ಕ್ರೈಸ್ತ ಪಂಥವಾದ ಚರ್ಚ್ ಆಫ್ ಇಂಗ್ಲೆಂಡ್ ಎಂದಿರುತ್ತಿತ್ತು. ಬದುಕಿರುವಾಗ ಕಾಯಲೆಂದು ಒತ್ತಿದ ಅಕ್ಷರಗಳೇ ಸತ್ತ ಮೇಲೆ ಸುಮಾರು 81 ಸೆಂ.ಮೀ. ಎತ್ತರದ ಬಿಳಿಗಲ್ಲಿಗೆ ಏರಿದವು.

ಲ್ಯಾಡಿ ಸತ್ತದ್ದು 1944ರ ಜೂನ್‌ನಲ್ಲಿ, ನಾರ್ಮಂಡಿಯಲ್ಲಿ.

ತಿದ್ದುವ ದಾರಿ ಇದೆ. ಕೆಲವು ಕಲ್ಲುಗಳಿಗೆ ಈಗ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಬಂದಿದೆ. ಈ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗಕ್ಕೆ ಪುರಾವೆ ಒಪ್ಪಿಸಬೇಕು. ಕಷ್ಟ ಶುರುವಾಗುವುದೇ ಅಲ್ಲಿ: ಜನನಪತ್ರದಲ್ಲಿ ಒಂದು ಹೆಸರು, ಸೈನ್ಯದ ಕಡತದಲ್ಲಿ ಇನ್ನೊಂದು. ಎರಡೂ ಒಬ್ಬನವೇ ಎಂದು ತೋರಿಸುವ ಕಾಗದ ಸಿಗದಿದ್ದರೆ ಅರ್ಜಿ ಮುಂದೆ ಸಾಗದು. ಹುಟ್ಟಿನ ಹೆಸರು ಹಿಡಿದು ಹುಡುಕುವ ಬಂಧುಗಳಿಗಂತೂ ಸಮಾಧಿಯೇ ಸಿಗುವುದಿಲ್ಲ. ಮನೆಮಂದಿಯೆಲ್ಲ ಯಾತನಾ ಶಿಬಿರಗಳಲ್ಲಿ ಸತ್ತಿದ್ದರೆ ಹುಡುಕುವವರೂ ಇಲ್ಲ. ನನ್ನ ಕೇಳಿದರೆ, ಕಲ್ಲಿನ ಮೇಲೆ ಎರಡೂ ಹೆಸರು ಇರಬೇಕು: ಅಪ್ಪ-ಅಮ್ಮ ಇಟ್ಟದ್ದು ಮೇಲೆ, ಅವನು ಹೊತ್ತು ಹೋರಾಡಿದ್ದು ಕೆಳಗೆ.